ಕೂದಲು ಬಂತಲ್ಲ, ಇನ್ನೇನು?

ಕರ್ನಾಟಕದಲ್ಲಿ ಒಂದು ತಲೆಯ ಬೆಲೆ 500 ರೂಪಾಯಿ. ಇದು ನನ್ನ ಅಂದಾಜಲ್ಲ, ಸರ್ಕಾರಿ ದರ. 2019ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ಕಾಯ್ದೆಯನ್ನು ತಿದ್ದಿ, ಹೆಲ್ಮೆಟ್ ಹಾಕದವರಿಗೆ 1000 ರೂಪಾಯಿ ದಂಡ ಎಂದಾಗ, ಬಡವರ ಹೊಟ್ಟೆಯ ಮೇಲೆ ಹೊಡೆದರು ಎಂದು ಕಾರಿದ್ದವರೂ ಬಾಯಿ ಬಡಿದುಕೊಂಡರು. ರಾಜ್ಯ ಸರ್ಕಾರದ ಕರುಳು ಚುರುಕ್ ಎಂದಿತು. ಅದೇ ಸೆಪ್ಟೆಂಬರ್ ಮುಗಿಯುವುದರೊಳಗೆ ದಂಡ ಅರ್ಧಕ್ಕಿಳಿಯಿತು. 2023ರ ಫೆಬ್ರುವರಿಯಲ್ಲಿ ಬಾಕಿ ದಂಡ ಕಟ್ಟುವವರಿಗೆ ಶೇ. 50 ರಿಯಾಯಿತಿ ಬಂತು. 2025ರಲ್ಲಿ ಇನ್ನೊಮ್ಮೆ ಬಂತು. ಆಷಾಢದ ಸೀರೆ ಸೇಲಿಗೂ ಜನ ಹಾಗೆ ಮುಗಿಬಿದ್ದಿರಲಿಲ್ಲ. ಹೀಗೆ ರಿಯಾಯಿತಿಯ ಮೇಲೆ ರಿಯಾಯಿತಿ ಸೇರಿ, ತಲೆಯೊಂದರ ದರ 250 ರೂಪಾಯಿಗೆ ಬಂದು ನಿಂತಿತು. ನಮ್ಮ ಬಡಾವಣೆಯ ಮಟನ್ ಅಂಗಡಿಯಲ್ಲಿ ಕುರಿಯ ತಲೆ ಇದಕ್ಕಿಂತ ದುಬಾರಿ. ರಿಯಾಯಿತಿ ಕೇಳಿದರೆ ಅಂಗಡಿಯವನು ಮಚ್ಚು ಕೆಳಗಿಟ್ಟು ನೋಡುತ್ತಾನೆ.

ದಂಡ ಇಷ್ಟು ಅಗ್ಗವಾದ ಮೇಲೆ ಹೆಲ್ಮೆಟ್ಟಿಗೆ ಅದಕ್ಕಿಂತ ಹೆಚ್ಚು ಕೊಡುವುದು ದಡ್ಡತನವಲ್ಲವೇ? ಅದಕ್ಕೇ ಫುಟ್‌ಪಾತಿನಲ್ಲಿ ಹಾಫ್ ಹೆಲ್ಮೆಟ್ ಸಿಗುತ್ತದೆ. ಕಿವಿ ಮುಚ್ಚುವುದಿಲ್ಲ, ಹಿಂದಲೆ ಮುಚ್ಚುವುದಿಲ್ಲ, ಒಳಗೆ ಕೈಯಾಡಿಸಿದರೆ ಥರ್ಮೋಕೋಲ್ ಕೂಡ ಸಿಗುವುದಿಲ್ಲ. 2021ರ ಜೂನ್‌ನಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವ ಹಾಗಿಲ್ಲ ಎಂದು ಕಾನೂನಿದೆ. ಫುಟ್‌ಪಾತಿನವನು ಕಾನೂನು ಮೀರುವವನಲ್ಲ. ಗುರುತು ಇದೆ, ಸ್ಟಿಕರ್ ರೂಪದಲ್ಲಿ. ಅದು ಹೆಲ್ಮೆಟ್ಟಿಗಿಂತ ಗಟ್ಟಿ. ಈ ಟೋಪಿ ತಲೆಯನ್ನು ಒಂದೇ ಒಂದು ಅಪಾಯದಿಂದ ಕಾಪಾಡುತ್ತದೆ, ಅದು ಸಿಗ್ನಲ್ಲಿನ ಕ್ಯಾಮೆರಾ.

ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಎಂದು ರಾಜ್ಯದಲ್ಲಿ ಆದೇಶ ಬಂದದ್ದು 2016ರ ಜನವರಿಯಲ್ಲಿ. ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಬೇಕು ಎನ್ನುತ್ತದೆ ಈಗಿನ ಕಾಯ್ದೆ. ಸಂಜೆ ಆರಕ್ಕೆ ಯಾವುದಾದರೂ ಸರ್ಕಲ್ಲಿನಲ್ಲಿ ನಿಂತು ನೋಡಿ. ಮುಂದೆ ಒಂದು ಮಗು, ನಡುವೆ ಒಂದು, ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕೂತ ಹೆಂಡತಿ. ನಾಲ್ಕು ತಲೆಗೆ ಒಂದು ಹೆಲ್ಮೆಟ್, ಅದು ಯಜಮಾನರದು. ಅದರ ಪಟ್ಟಿಯೂ ಗಾಳಿಗೆ ಹಾರಾಡುತ್ತಿರುತ್ತದೆ. 2022ರಲ್ಲಿ ಹೆಲ್ಮೆಟ್ ಹಾಕದೆ ಸತ್ತವರು ದೇಶದಲ್ಲಿ 50,029 ಮಂದಿ, ಅದರಲ್ಲಿ 14,337 ಮಂದಿ ಹಿಂದೆ ಕೂತವರು ಎಂದು ಕೇಂದ್ರ ಹೆದ್ದಾರಿ ಸಚಿವಾಲಯವೇ ಲೆಕ್ಕ ಕೊಟ್ಟಿದೆ. ಸತ್ತವರ ಲೆಕ್ಕವೇನೋ ಹೀಗೆ ಒಂದೊಂದಾಗಿ ಎಣಿಸಿ ಸಿಗುತ್ತದೆ. ಸಾಯದೆ ಉಳಿದು, ಬೇರೆ ಯಾರೋ ಆಗಿ ಮನೆಗೆ ವಾಪಸ್ಸಾದವರು? ಅವರೆಲ್ಲ ‘ತೀವ್ರ ಗಾಯಾಳು’ ಎಂಬ ಒಂದೇ ಕಾಲಂನಲ್ಲಿದ್ದಾರೆ. ಕಾಲು ಮುರಿದವನೂ ಅಲ್ಲೇ, ಮಗಳ ಹೆಸರು ಮರೆತವನೂ ಅಲ್ಲೇ.

ನಮ್ಮ ಬೀದಿಯ ಮೇಷ್ಟ್ರು ಆ ಕಾಲಂನವರು. ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದರು. ರಾತ್ರೋರಾತ್ರಿ ಎದ್ದುನಿಂತ ರೋಡ್ ಹಂಪಿಗೆ ಬಣ್ಣವಿರಲಿಲ್ಲ, ಬೋರ್ಡಿರಲಿಲ್ಲ, ಬೀದಿದೀಪವಿರಲಿಲ್ಲ. ಸ್ಕೂಟರ್ ಹಾರಿತು. ಮೇಷ್ಟ್ರ ಹತ್ತಿರ ಹೆಲ್ಮೆಟ್ ಇತ್ತು, ಮೊಣಕೈಯಲ್ಲಿ. ಮೊಣಕೈಗೆ ಏನೂ ಆಗಲಿಲ್ಲ.

ಗುಂಪು ಸೇರಿತು. ಒಬ್ಬ ವಿಡಿಯೊ ಮಾಡಿದ. ಒಬ್ಬ ಎಚ್ಚರವಿಲ್ಲದವರ ಬಾಯಿಗೆ ನೀರು ಹೊಯ್ದ. ಅದು ಹೊಟ್ಟೆಗಲ್ಲ, ಶ್ವಾಸಕೋಶಕ್ಕೆ ಇಳಿಯುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಇನ್ನೊಬ್ಬ ಕೈಗೆ ಬೀಗದ ಕೈಗೊಂಚಲು ಕೊಟ್ಟ. ಕತ್ತು ಅಲುಗದಂತೆ ಎತ್ತಬೇಕು ಎಂದವನನ್ನು ‘ನೀನೇನು ಡಾಕ್ಟ್ರಾ?’ ಎಂದು ಸುಮ್ಮನಾಗಿಸಿದರು. ಆಸ್ಪತ್ರೆಗೆ ಒಯ್ದರೆ ಕೋರ್ಟು ಕಚೇರಿ ಅಲೆಯಬೇಕು ಎಂದು ನಾಲ್ಕು ಜನ ಹಿಂದೆ ಸರಿದರು. ಗಾಯಾಳುವನ್ನು ಸೇರಿಸಿದವರನ್ನು ಯಾರೂ ಸತಾಯಿಸುವ ಹಾಗಿಲ್ಲ ಎಂದು 2016ರಲ್ಲೇ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಅದಕ್ಕೆಂದೇ ಕರ್ನಾಟಕದಲ್ಲಿ ಪ್ರತ್ಯೇಕ ಕಾಯ್ದೆಯೂ ಆಗಿದೆ. ಆದರೆ ಕಾಯ್ದೆ ವಾಟ್ಸ್‌ಆ್ಯಪ್‌ನಲ್ಲಿ ಬಂದಿರಲಿಲ್ಲ. ಕೊನೆಗೆ ಒಬ್ಬ ಆಟೊದವನು ಯಾರನ್ನೂ ಕೇಳದೆ ಕರೆದುಕೊಂಡು ಹೋದ.

ತಲೆಗೆ ಪೆಟ್ಟು ಬಿದ್ದವರಿಗೆ ಆಸ್ಪತ್ರೆಯಲ್ಲಿ ಅಂಕ ಕೊಡುತ್ತಾರೆ. 1974ರಲ್ಲಿ ಗ್ಲಾಸ್ಗೊ ನಗರದ ಇಬ್ಬರು ವೈದ್ಯರು ಮಾಡಿಕೊಟ್ಟ ಪರೀಕ್ಷೆ. ಕಣ್ಣು ತೆರೆಯುತ್ತಾರೋ, ಮಾತಾಡುತ್ತಾರೋ, ಹೇಳಿದಂತೆ ಕೈ ಎತ್ತುತ್ತಾರೋ ಎಂದು ನೋಡಿ ಅಂಕ ಹಾಕುವುದು. ಗರಿಷ್ಠ 15, ಕನಿಷ್ಠ 3. ಏನೂ ಮಾಡದೆ ಬಿದ್ದುಕೊಂಡಿದ್ದರೂ ಮೂರು ಖಾತ್ರಿ. ನಮ್ಮ ಎಸ್‌ಎಸ್‌ಎಲ್‌ಸಿ ಗ್ರೇಸ್ ಮಾರ್ಕ್ಸ್ ನೆನಪಾಗುತ್ತದೆ. ಮೇಷ್ಟ್ರು ಬಂದಾಗ ಅಂಕ ಒಂಬತ್ತಿತ್ತು. ತಲೆ ಬೋಳಿಸಿ, ಬುರುಡೆ ತೆರೆದು, ಹೆಪ್ಪುಗಟ್ಟಿದ ರಕ್ತ ತೆಗೆದರು. ಡಿಸ್ಚಾರ್ಜ್ ಹೊತ್ತಿಗೆ ಹದಿನೈದಕ್ಕೆ ಹದಿನೈದು. ಬೀದಿಗೆ ಬೀದಿಯೇ ಖುಷಿಪಟ್ಟಿತು. ಗಣಿತದ ಮೇಷ್ಟ್ರಿಗೆ ಔಟ್ ಆಫ್ ಔಟ್ ಬರದೆ ಇನ್ನಾರಿಗೆ ಬರಬೇಕು?

ಮೂರು ತಿಂಗಳಲ್ಲಿ ಕೂದಲು ಬಂತು. ಹೊಲಿಗೆ ಮುಚ್ಚಿತು. ಆವತ್ತಿಗೆ ಮೇಷ್ಟ್ರ ಕಾಯಿಲೆ ವಾಸಿಯಾಯಿತು ಎಂದು ಬಡಾವಣೆ ತೀರ್ಮಾನಿಸಿತು. ನಮ್ಮಲ್ಲಿ ಗಾಯಕ್ಕೆ ಪಟ್ಟಿ ಇರಬೇಕು, ಪ್ಲಾಸ್ಟರ್ ಇರಬೇಕು, ಕಡೇ ಪಕ್ಷ ಒಂದು ಊರುಗೋಲಾದರೂ ಬೇಕು. ಹೊರಗೆ ಕಾಣದ ಗಾಯಕ್ಕೆ ಮೂಸಂಬಿ ತಂದುಕೊಡುವ ಪದ್ಧತಿ ಇಲ್ಲ. ‘ಕೂದಲು ಬಂತಲ್ಲ, ಇನ್ನೇನು?’ ಎಂದು ಅವರ ಮನೆಯವರನ್ನು ನಲ್ಲಿ ಹತ್ತಿರ ನಿಲ್ಲಿಸಿ ಕೇಳದವರಿಲ್ಲ.

ಇನ್ನೇನು ಎಂದರೆ, ಉದಾಹರಣೆಗೆ, ತರಕಾರಿ ಗಾಡಿ. ಒಂದು ಬೆಳಿಗ್ಗೆ ಮೇಷ್ಟ್ರು ಚೀಲ ಹಿಡಿದು ಗಾಡಿಯ ಮುಂದೆ ನಿಂತಿದ್ದರು. ನಾನು ಹಾಲು ತರಲು ಹೋಗುವಾಗಲೂ ನಿಂತಿದ್ದರು, ಬರುವಾಗಲೂ ನಿಂತಿದ್ದರು. ಒಂದು ಕೈಯಲ್ಲಿ ಬೀನ್ಸ್, ಇನ್ನೊಂದರಲ್ಲಿ ಬದನೆಕಾಯಿ. ‘ಮೇಷ್ಟ್ರೇ, ಅರ್ಧ ಕೆಜಿ ಬೀನ್ಸ್ ಹಾಕ್ಲಾ?’ ಎಂದ ಗಾಡಿಯವನು. ಹ್ಞೂಂ ಎನ್ನಲಿಲ್ಲ, ಊಹ್ಞೂಂ ಎನ್ನಲಿಲ್ಲ, ಹಣೆಯಲ್ಲಿ ಬೆವರು. ಎರಡು ಅವ್ಯಕ್ತಗಳ ಸಮೀಕರಣ ಬಾಯಲ್ಲೇ ಬಿಡಿಸುವ ತಲೆ, ಬೀನ್ಸೋ ಬದನೆಯೋ ಎಂಬಲ್ಲಿ ನಿಂತುಹೋಗಿತ್ತು. ಎರಡನ್ನೂ ಕೆಳಗಿಟ್ಟು, ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ‘ಚೌಕಾಸಿ ಮಾಡೋಕೂ ಒಂದು ಲಿಮಿಟ್ ಬೇಡ್ವಾ ಸಾರ್?’ ಎಂದು ಗಾಡಿಯವನು ನನಗೆ ದೂರು ಕೊಟ್ಟ.

ಇದನ್ನು ವೈದ್ಯರು ವಿವರಿಸಿದ್ದರು. ತಲೆ ರಸ್ತೆಗೆ ಬಡಿದು ನಿಂತರೂ ಒಳಗಿನ ಮೆದುಳು ಕೂಡಲೇ ನಿಲ್ಲುವುದಿಲ್ಲ. ಮುಂದೆ ಹೋಗಿ ಬುರುಡೆಯ ಒರಟು ಒಳಭಾಗಕ್ಕೆ ಉಜ್ಜುತ್ತದೆ, ತಿರುಚಿಕೊಳ್ಳುತ್ತದೆ, ನರತಂತುಗಳು ಎಳೆದು ಹರಿಯುತ್ತವೆ. ಸಿಟಿ ಸ್ಕ್ಯಾನಿನಲ್ಲಿ ಅದೆಲ್ಲ ಕಾಣಲೇಬೇಕೆಂದಿಲ್ಲ. ಹೆಚ್ಚು ಏಟು ಬೀಳುವುದು ಹಣೆಯ ಹಿಂದಿನ ಭಾಗಕ್ಕೆ. ಯಾವುದು ಮೊದಲು, ಯಾವುದು ಆಮೇಲೆ, ಯಾವುದನ್ನು ಬಾಯಿಬಿಟ್ಟು ಹೇಳಬಾರದು ಎಂದು ತೀರ್ಮಾನಿಸುವ ಜಾಗ ಅದು. ಮೇಷ್ಟ್ರು ಶಾಲೆಗೆ ವಾಪಸ್ಸಾದ ವಾರ ಸ್ಟಾಫ್ ಮೀಟಿಂಗಿನಲ್ಲಿ ಎದ್ದುನಿಂತು, ಹೆಡ್‌ಮಾಸ್ಟರಿಗೆ ಲಸಾಅ ಕೂಡ ಬರುವುದಿಲ್ಲ ಎಂದುಬಿಟ್ಟರು. ಇಡೀ ಸ್ಟಾಫ್ ರೂಮು ಇಪ್ಪತ್ತು ವರ್ಷದಿಂದ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಸತ್ಯ. ಆರೋಗ್ಯವಂತ ಮೆದುಳಿನ ಲಕ್ಷಣ ಏನೆಂದು ನನಗೆ ಅರ್ಥವಾದದ್ದು ಆಗಲೇ.

ವಾಸನೆಯೂ ಹೋಗಿತ್ತು. ಮೂಗಿನ ಛಾವಣಿಯಲ್ಲಿ ಜರಡಿಯಂಥ ಒಂದು ಮೂಳೆಯಿದೆ, ವಾಸನೆಯ ನರಗಳು ಅದರ ತೂತುಗಳಲ್ಲಿ ಹಾದು ಮೆದುಳಿಗೆ ಹೋಗುತ್ತವೆ. ತಲೆಗೆ ಜೋರು ಪೆಟ್ಟಾದರೆ ಅಲ್ಲೇ ತುಂಡಾಗಬಹುದು. ಇಂಗಿನ ಒಗ್ಗರಣೆ ಹಾಕಿದರೂ ‘ಸಾರಿಗೆ ಏನೂ ಹಾಕಿಲ್ವಾ?’ ಎಂದು ಕೇಳುತ್ತಿದ್ದರು. ಹೆಂಡತಿಯ ಕೈರುಚಿಗೆ ಹೆಸರಿಡುತ್ತಾರೆ ಎಂದು ನೆಂಟರು ಬೇಸರಪಟ್ಟುಕೊಂಡರು. ಒಲೆ ಆರಿ ಗ್ಯಾಸ್ ಸೋರುತ್ತಿದ್ದಾಗ ಅವರು ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದುದನ್ನು ನೋಡಿದ ಮೇಲೆ, ಮನೆಯವರು ಅವರನ್ನು ಒಬ್ಬರನ್ನೇ ಬಿಟ್ಟು ಹೋಗುವುದನ್ನು ನಿಲ್ಲಿಸಿದರು. ನೆಂಟರು ಅದಕ್ಕೂ ಬೇಸರಪಟ್ಟುಕೊಂಡರು: ಈಗೀಗ ಯಾವ ಮದುವೆಗೂ ಬರಲ್ಲ, ದೊಡ್ಡಸ್ತಿಕೆ.

ಸಲಹೆಗಳಿಗೆ ಮಾತ್ರ ಬರವಿರಲಿಲ್ಲ. ಒಂದೆಲಗದ ತಂಬುಳಿ, ನೆನೆಸಿದ ಬಾದಾಮಿ, ತಾಯಿತ, ತಡೆ ಒಡೆಸುವುದು, ಕುಕ್ಕೆಗೆ ಹೋಗಿ ಬರುವುದು. ತಂಬುಳಿಯಿಂದ ನಷ್ಟವಿಲ್ಲ, ಊಟಕ್ಕೆ ಚೆನ್ನಾಗಿರುತ್ತದೆ. ನಷ್ಟ ಮಾಡಿದ್ದು ಧೈರ್ಯ ತುಂಬುವವರು. ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರಿಗೆ ಮಾತು ಎತ್ತಲಾಗದಷ್ಟು ಸುಸ್ತು; ಮೆದುಳಿನ ಪೆಟ್ಟಿನಲ್ಲಿ ಅದು ಇದ್ದದ್ದೇ. ‘ಮಲಗಿದ್ರೆ ಇನ್ನೂ ಜಡ ಆಗ್ತೀರಿ, ಏಳಿ ಮೇಷ್ಟ್ರೇ, ವಿಲ್ ಪವರ್!’ ಎಂದು ಎಬ್ಬಿಸಿ ಕೂರಿಸಿ, ಐದು ಜನ ಒಟ್ಟಿಗೆ ಮಾತಾಡಿ, ಟಿವಿ ಜೋರು ಮಾಡಿ, ಕಾಫಿ ಕುಡಿದು ಹೋಗುವರು. ಸಂಜೆ ಮಿಕ್ಸಿಯ ಸದ್ದಿಗೆ ಅವರು ಕಿರುಚಿದರೆ, ‘ಸ್ವಭಾವ ಕಣ್ರೀ, ಮೊದಲಿಂದಲೂ ಇದ್ದಿರಬೇಕು.’

ನಿಮ್ಹಾನ್ಸಿಗೆ ತೋರಿಸಿ ಎಂದು ಯಾರೋ ಅಂದಾಗ ಮಾತ್ರ ಎಲ್ಲರೂ ಒಟ್ಟಾಗಿ ಬೆಚ್ಚಿಬಿದ್ದರು. ‘ಅಯ್ಯೋ, ಅಷ್ಟೊಂದು ಆಗಿಲ್ಲ ಬಿಡಿ.’ ಹೊಸೂರು ರಸ್ತೆಯ ಆ ಸಂಸ್ಥೆಯನ್ನು ನಾವು ಬೈಗುಳವಾಗಿ ಇಟ್ಟುಕೊಂಡಿದ್ದೇವೆ. ರಾಜ್ಯದ ಮೂಲೆಮೂಲೆಯಿಂದ ಒಡೆದ ತಲೆಗಳು ರಾತ್ರಿಯೆಲ್ಲ ಆಂಬ್ಯುಲೆನ್ಸಿನಲ್ಲಿ ಹೋಗುವುದು ಅಲ್ಲಿಗೇ. ಮೆದುಳಿಗೆ ಪೆಟ್ಟಾಗುವುದರಲ್ಲಿ ಸುಮಾರು ಶೇ. 60 ರಸ್ತೆಯಿಂದ, ಶೇ. 20ರಿಂದ 25 ಬೀಳುವುದರಿಂದ, ಶೇ. 10 ಹೊಡೆದಾಟದಿಂದ ಎಂದು ಅಲ್ಲಿನ ಡಾ. ಜಿ. ಗುರುರಾಜ್ ಬರೆದು ಎರಡು ದಶಕ ದಾಟಿತು. ಬಚ್ಚಲಲ್ಲಿ ಜಾರುವ ಅಜ್ಜಿ, ಕಂಬಿಯಿಲ್ಲದ ತಾರಸಿಯಿಂದ ಬೀಳುವ ಮಗು, ಎಲ್ಲರೂ ಆ ಲೆಕ್ಕದಲ್ಲಿದ್ದಾರೆ. ನಾವಿನ್ನೂ ಜೋಕ್ ಹೇಳುತ್ತಲೇ ಇದ್ದೇವೆ.

ಮೇಷ್ಟ್ರ ಮನೆಯವರು ಜೋಕಿಗೆ ಹೆದರದೆ ಕರೆದುಕೊಂಡು ಹೋದರು. ಅಲ್ಲಿ ಮನೆಯಲ್ಲೇ ಮಾಡುವ ಅಭ್ಯಾಸ ಕೊಟ್ಟರು, ಗಮನ ನಿಲ್ಲಿಸುವುದಕ್ಕೆ. ಬೆರೆಸಿದ ಕಾಳುಗಳನ್ನು ಬೇರೆಬೇರೆ ಮಾಡುವುದು, ಅಕ್ಷರಗಳ ಸಾಲಿನಲ್ಲಿ ಹೇಳಿದ ಅಕ್ಷರ ಹುಡುಕಿ ಹೊಡೆದುಹಾಕುವುದು. ನಮ್ಮ ಅಡುಗೆಮನೆಗೆ ಹೊಂದುವ ಚಿಕಿತ್ಸೆ. ದಿನಾ ಬೆಳಿಗ್ಗೆ ಜಗುಲಿಯಲ್ಲಿ ಮೊರದ ಮುಂದೆ ಕೂತು ಮೇಷ್ಟ್ರು ಹೆಸರುಕಾಳು, ತೊಗರಿ, ಕಡಲೆ ವಿಂಗಡಿಸತೊಡಗಿದರು. ಬೀದಿಗೆ ತಡೆಯಲಾಗಲಿಲ್ಲ. ‘ಕಾಲ ನೋಡಿ! ಪಾಪ, ಗಂಡನ ಕೈಲಿ ಕಾಳು ಆರಿಸ್ತಾಳೆ!’ ಎಂದು ಎದುರುಮನೆಯವರು ಬಂದು ಮೊರ ಕಸಿದುಕೊಂಡು, ತಾವೇ ಐದು ನಿಮಿಷದಲ್ಲಿ ಎಲ್ಲ ಆರಿಸಿ ಕೊಟ್ಟು ಪುಣ್ಯ ಕಟ್ಟಿಕೊಂಡರು.

ಕೆಲಸದ ಕತೆ ಇನ್ನೂ ಸೊಗಸು. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದ ಸರ್ಕಾರಿ ನೌಕರರನ್ನು ತೆಗೆಯುವಂತಿಲ್ಲ, ಕೆಳಗಿಳಿಸುವಂತಿಲ್ಲ, ಅದೇ ಸಂಬಳದಲ್ಲಿ ಬೇರೆ ಕೆಲಸ ಕೊಡಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಅದಕ್ಕೆ ಸರ್ಟಿಫಿಕೇಟ್ ಬೇಕು. ಆ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ತಲೆಗೆ ಪೆಟ್ಟಾದವರಿಗೆ ಅಂತ ಒಂದು ಹೆಸರಿಲ್ಲ. ಇರುವ ಯಾವುದೋ ಹೆಸರಿನೊಳಗೆ ತೂರಿಕೊಳ್ಳಬೇಕು. ಕಚೇರಿಯಲ್ಲಿ ನಡೆದ ಮಾತುಕತೆಗೆ ಜೊತೆಗೆ ಹೋಗಿದ್ದ ನಾನೇ ಸಾಕ್ಷಿ.

‘ಏನಮ್ಮಾ ಇವರಿಗೆ?’

‘ಆಕ್ಸಿಡೆಂಟಾಗಿ ತಲೆಗೆ ಪೆಟ್ಟಾಗಿದೆ ಸರ್.’

‘ಅದು ಆಗಿದ್ದು. ಈಗ ಏನು ಇಲ್ಲ? ಕಣ್ಣಾ, ಕಿವಿನಾ, ಕಾಲಾ?’

‘ಎಲ್ಲಾ ಇದೆ ಸರ್. ಏನು ಮಾಡಬೇಕು ಅನ್ನೋದು ತೋಚಲ್ಲ. ಬೇಗ ಮರೀತಾರೆ.’

‘ನಮಗೆಲ್ಲ ತೋಚುತ್ತಾ?’ ಗುಮಾಸ್ತರು ಮೇಷ್ಟ್ರ ಕಡೆ ತಿರುಗಿದರು. ‘ಸಾರ್, ಹದಿನೇಳು ಹದಿಮೂರ್ಲಿ?’

‘ಇನ್ನೂರ ಇಪ್ಪತ್ತೊಂದು.’

ಗುಮಾಸ್ತರು ಮೊಬೈಲಿನಲ್ಲಿ ಒತ್ತಿ ನೋಡಿ, ಸುತ್ತ ಕೂತವರಿಗೆಲ್ಲ ತೋರಿಸಿದರು. ‘ನೋಡ್ರೀ! ಇಂಥವರಿಗೆ ಸರ್ಟಿಫಿಕೇಟ್ ಕೊಟ್ರೆ ನಮಗೆಲ್ಲ ಏನು ಕೊಡೋದು?’ ಕಚೇರಿ ನಕ್ಕಿತು. ಮೇಷ್ಟ್ರೂ ನಕ್ಕರು. ಹೊರಗೆ ಬಂದು, ನಾವು ಯಾಕೆ ಇಲ್ಲಿಗೆ ಬಂದದ್ದು ಎಂದು ಕೇಳಿದರು.

ಈ ಹಂತದಲ್ಲಿ ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಕ್ಕೆ ಎಚ್ಚರವಾಯಿತು. ಮಾರ್ಚ್ 20 ವಿಶ್ವ ತಲೆಗಾಯ ಜಾಗೃತಿ ದಿನ ಎಂದು ಕಾರ್ಯದರ್ಶಿಗೆ ಫೋನಿನಲ್ಲಿ ಯಾರೋ ಕಳಿಸಿದ್ದರು. ಕೈಯಲ್ಲೇ ಒಬ್ಬ ತಲೆಗಾಯದವರಿದ್ದಾರೆ, ಬೇರೆ ಬಡಾವಣೆಯವರಿಗೆ ಆ ಭಾಗ್ಯ ಎಲ್ಲಿದೆ? ಫ್ಲೆಕ್ಸ್ ಬಂತು. ಅದರಲ್ಲಿ ಹನ್ನೊಂದು ಮುಖಗಳಿದ್ದವು, ಮೇಷ್ಟ್ರದು ಬಿಟ್ಟು.

ಬೆಳಿಗ್ಗೆ ಜಾಗೃತಿ ಬೈಕ್ ರ‍್ಯಾಲಿ. ಮುಂಚೂಣಿಯಲ್ಲಿ ಅತಿಥಿಗಳು ಬುಲೆಟ್ ಮೇಲೆ, ಬರಿದಲೆಯಲ್ಲಿ. ಹೆಲ್ಮೆಟ್ ಹಾಕಿದರೆ ಫೋಟೊದಲ್ಲಿ ಮುಖ ಬೀಳುವುದಿಲ್ಲ. ಹಿಂದೆ ಸೈಲೆನ್ಸರ್ ಕಿತ್ತ ಹುಡುಗರು. ಯಾರೋ ಜ್ಞಾಪಿಸಿದ ಮೇಲೆ ಒಂದು ಹೆಲ್ಮೆಟ್ ತರಿಸಿ, ಹೂವಿನ ಹಾರ ಹಾಕಿ, ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಲಾಯಿತು.

ಸಂಜೆ ಸಭೆ. ಜೋರು ಸದ್ದು, ಮಿಣುಕುವ ಬೆಳಕು, ಒಟ್ಟಿಗೆ ಮಾತಾಡುವ ಜನ, ಹೊತ್ತುಮೀರಿದ ಊಟ, ಇಷ್ಟನ್ನು ತಪ್ಪಿಸಿ ಎಂದು ವೈದ್ಯರು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಸಂಘ ಆ ಚೀಟಿಯನ್ನೇ ಕಾರ್ಯಕ್ರಮದ ವಿವರವೆಂದು ತಿಳಿದಿತ್ತೋ ಏನೋ. ಡಿಜೆಯವನ ಎರಡು ಪೆಟ್ಟಿಗೆಗಳ ನಡುವೆ ಮೇಷ್ಟ್ರ ಕುರ್ಚಿ. ಎದುರಿಗೆ ಬಣ್ಣ ಬದಲಿಸುವ ಎಲ್‌ಇಡಿ. ಶಾಲು, ಹಾರ, ಹಣ್ಣಿನ ಬುಟ್ಟಿ. ಆಮೇಲೆ ಮೈಸೂರು ಪೇಟ. ಅದು ಬಿಗಿಯಿತ್ತು, ಸರಿಯಾಗಿ ಹೊಲಿಗೆಯ ಗುರುತಿನ ಮೇಲೆ ಕೂರಲಿಲ್ಲ, ಒತ್ತಿ ಕೂರಿಸಿದರು. ‘ತಲೆಗೆ ಬಂದದ್ದು ತಲೆಪಾಗಿಗೆ ಹೋಯ್ತು ಅಂತಾರಲ್ಲ, ನಮ್ಮ ಮೇಷ್ಟ್ರೇ ಅದಕ್ಕೆ ಸಾಕ್ಷಿ!’ ಎಂದರು ನಿರೂಪಕರು. ಚಪ್ಪಾಳೆ ಬಿತ್ತು. ತಲೆಗೆ ಬಂದದ್ದು ತಲೆಗೇ ಹೋಗಿತ್ತು. ಪಾಗು ಆಮೇಲೆ ಬಂದದ್ದು.

ಅತಿಥಿಗಳು ಮುಕ್ಕಾಲು ಗಂಟೆ ಮಾತಾಡಿದರು. ತಲೆಗೆ ಏಟು ಬಿದ್ದು ನೆನಪು ಹೋದ ನಾಯಕ, ಕ್ಲೈಮ್ಯಾಕ್ಸಿನಲ್ಲಿ ವಿಲನ್ ಕಡೆಯವನು ಇನ್ನೊಂದು ಹೊಡೆದ ಕೂಡಲೇ ‘ಅಮ್ಮಾ!’ ಎಂದು ಎದ್ದು ಕೂರುವ ಸಿನಿಮಾವೊಂದನ್ನು ಪೂರ್ತಿ ಹೇಳಿ, ವಿಜ್ಞಾನಕ್ಕೂ ನಿಲುಕದ ಸಂಗತಿಗಳಿವೆ ಎಂದರು. ಪೆಟ್ಟು ತಿಂದ ಮೆದುಳಿಗೆ ಎರಡನೇ ಪೆಟ್ಟು ಮೊದಲಿನದಕ್ಕಿಂತ ಅಪಾಯ, ಜೀವವನ್ನೇ ತೆಗೆಯಬಹುದು. ಹಾಗೆಂದು ಹೇಳಲು ಬಂದಿದ್ದ ನರರೋಗ ತಜ್ಞೆಗೆ ‘ಸಮಯದ ಅಭಾವದಿಂದ ಎರಡೇ ಮಾತಿನಲ್ಲಿ’ ಎಂಬ ಚೀಟಿ ಹೋಯಿತು. ಎರಡನೇ ಮಾತಿಗೆ ವಂದನಾರ್ಪಣೆ ಶುರುವಾಯಿತು. ಅಷ್ಟರಲ್ಲಿ ಮೇಷ್ಟ್ರು ಎರಡೂ ಕಿವಿ ಮುಚ್ಚಿಕೊಂಡು ‘ನಿಲ್ಸಿ, ನಿಲ್ಸಿ’ ಎಂದು ಕೂಗತೊಡಗಿದ್ದರು. ಭಾವುಕರಾಗಿದ್ದಾರೆ ಎಂದು ನಿರೂಪಕರು ಮೈಕಿನಲ್ಲಿ ವಿವರಿಸಿದರು.

ಮುಂದಿನ ಭಾನುವಾರ ಸಂಘದ ಸಭೆ ಸೇರಿತು. ಖಜಾಂಚಿ ಲೆಕ್ಕ ಓದಿದರು: ಫ್ಲೆಕ್ಸ್, ಡಿಜೆ, ಪೆಂಡಾಲ್, ಶಾಲು, ಪೇಟ, ರ‍್ಯಾಲಿಗೆ ಪೆಟ್ರೋಲ್, ಊಟ, ಹೆಲ್ಮೆಟ್ ಒಂದು (ಬಾಡಿಗೆ). ಎಲ್ಲಕ್ಕೂ ವೋಚರ್ ಇತ್ತು, ಸರ್ವಾನುಮತದಿಂದ ಪಾಸಾಯಿತು. ಆಮೇಲೆ ಕಾರ್ಯದರ್ಶಿ ಮೇಷ್ಟ್ರ ಮನೆಯವರು ಕೊಟ್ಟಿದ್ದ ಪತ್ರ ತೆಗೆದರು. ನೋಟ್‌ಬುಕ್ಕಿನ ಹಾಳೆ. ವಾರಕ್ಕೊಮ್ಮೆ ಯಾರಾದರೂ ಎರಡು ಗಂಟೆ ಅವರ ಜೊತೆ ಕೂತಿದ್ದರೆ ನಾನು ಬ್ಯಾಂಕು, ರೇಷನ್ನು ಮುಗಿಸಿಕೊಂಡು ಬರುತ್ತೇನೆ, ಆದರೆ ಸ್ವಲ್ಪ ನಿದ್ದೆ ಮಾಡುತ್ತೇನೆ. ಮಾತಾಡಿಸುವವರು ಒಬ್ಬೊಬ್ಬರಾಗಿ, ನಿಧಾನಕ್ಕೆ, ಒಂದು ಸಲಕ್ಕೆ ಒಂದೇ ವಿಷಯ ಹೇಳಿ. ಅಂಗಡಿಯವರಿಗೆ ತಿಳಿಸಿ, ಇವರು ಚೀಟಿ ತಂದರೆ ಚೀಟಿ ನೋಡಿ ಸಾಮಾನು ಕೊಡಲಿ, ಅವಸರ ಮಾಡದಿರಲಿ. ಆ ಹಂಪಿಗೆ ಬಣ್ಣ ಬಳಿಸಿ.

ಹಂಪು ನಗರಪಾಲಿಕೆಯದು, ನಾವು ಮುಟ್ಟಿದರೆ ಕೇಸಾಗುತ್ತದೆ ಎಂದರು ಉಪಾಧ್ಯಕ್ಷರು. ಉಳಿದವುಗಳ ಬಗ್ಗೆ ಖಜಾಂಚಿಗೆ ತಾಂತ್ರಿಕ ತಕರಾರಿತ್ತು.

‘ಇದಕ್ಕೆಲ್ಲ ಎಷ್ಟು ಖರ್ಚು ತೋರಿಸೋದು?’

‘ಖರ್ಚೇನೂ ಇಲ್ಲ. ಹೋಗಿ ಕೂರೋದು ಅಷ್ಟೇ’ ಎಂದೆ ನಾನು.

‘ಖರ್ಚಿಲ್ಲದ್ದಕ್ಕೆ ವೋಚರ್ ಹೇಗೆ ಬರೆಯೋದು ಸ್ವಾಮಿ? ಆಡಿಟ್‌ನವರು ಕೇಳ್ತಾರೆ.’

ಕಾರ್ಯದರ್ಶಿ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು: ‘ವೆಚ್ಚವಿಲ್ಲದ ಕಾರಣ ವಿಷಯವನ್ನು ಕೈಬಿಡಲಾಯಿತು.’